ಮುನಿತಾಯಮ್ಮ ಹೇಳಿದ ತಮಿಳು

ಸ್ವಾತಂತ್ರ್ಯ ಬಂದ ನಾಲ್ಕೈದು ವರ್ಷಕ್ಕೆ ತೂಬಗೆರೆಯ ವೆಂಕಟರಾಯಪ್ಪನವರು ಬ್ಯಾಟರಿ ರೇಡಿಯೋ ತಂದು ಜಗಲಿಯ ಮೇಲಿಟ್ಟರು. ಸಂಜೆಯಾದರೆ ಅರ್ಧ ಊರು ಅಲ್ಲೇ. ಚೆನ್ನಾಗಿ ಹಿಡಿಯುತ್ತಿದ್ದದ್ದು ಸಮುದ್ರದಾಚೆಯ ಒಂದು ತಮಿಳು ಸ್ಟೇಷನ್. ಹಾಡಿಗೆ ಭಾಷೆ ಅಡ್ಡಬರಲಿಲ್ಲ. ಆದರೆ ಹಾಡು ರಂಗೇರುವಷ್ಟರಲ್ಲಿ ಅದನ್ನು ಕತ್ತರಿಸಿ ಒಬ್ಬ ಗಂಡಸು ಭಾರೀ ಆತಂಕದಿಂದ ಏನನ್ನೋ ಕೇಳುತ್ತಿದ್ದ. ಪ್ರತಿ ಹಾಡಿಗೂ ಅದೇ ಮಾತು, ಅದೇ ಆತಂಕ.

ಊರಲ್ಲಿ ತಮಿಳು ಬರುತ್ತಿದ್ದದ್ದು ಹೊಸೂರು ಕಡೆಯಿಂದ ಸೊಸೆಯಾಗಿ ಬಂದ ಮುನಿತಾಯಮ್ಮನಿಗೆ ಮಾತ್ರ. ಅವಳದ್ದು ಮಾತು ಕಡಿಮೆ. ಗಂಡ ಪಿಳ್ಳಪ್ಪನ ಎದುರು ಇನ್ನೂ ಕಡಿಮೆ. ಅವಳನ್ನು ಕರೆಸಿ ಕೂರಿಸಿದರು.

"ಏನಂತಾನಮ್ಮ ಅವ್ನು?"

"ತಲೆನೋವಾ ಅಂತ ಕೇಳ್ತಾನೆ. ಮುಲಾಮು ತಗೊಳ್ಳಿ ಅಂತಾನೆ."

ಯಾರೋ ಪುಣ್ಯಾತ್ಮ ನಮ್ಮ ತಲೆಯನ್ನು ವಿಚಾರಿಸುತ್ತಿದ್ದಾನೆಂದು ಜನ ಮೆಚ್ಚಿಕೊಂಡರು. ಆಮೇಲೆ ಅವನು ಬಾಯಿ ತೆರೆದಾಗಲೆಲ್ಲ ಎಲ್ಲರೂ ಅವಳತ್ತ ತಿರುಗುವುದು, ಅವಳು ಅದನ್ನೇ ಹೇಳುವುದು. ಕೊನೆಗೆ ತಲೆನೋವು ಬಂದದ್ದು ಮುನಿತಾಯಮ್ಮನಿಗೇ. ಒಂದು ಸಂಜೆ, ಪಿಳ್ಳಪ್ಪನ ಪಕ್ಕದ ಹೊಲದ ಆವಲಪ್ಪ ಎಂದಿನಂತೆ ಗೋಡೆಗೆ ಎಲೆಅಡಿಕೆ ಉಗಿಯಲು ಬಾಗಿದ್ದ. ಅಷ್ಟರಲ್ಲಿ ರೇಡಿಯೋದವನು ಬಾಯಿ ತೆರೆದ; ಅವಳಿಗೆ ತಡೆಯಲಾಗಲಿಲ್ಲ.

"ಗೋಡೆಗೆ ಉಗಿಯೋರಿಗೆ ತಲೆನೋವು ಬಿಡಲ್ವಂತೆ."

ಆವಲಪ್ಪ ಬಾಯಲ್ಲಿದ್ದದ್ದನ್ನು ನುಂಗಿಬಿಟ್ಟ.

ಅವಳೇ ಬೆರಗಾದಳು. ಮರುದಿನ ರೇಡಿಯೋದವನು, ಉಂಡ ತಟ್ಟೆಯನ್ನು ಹೆಂಡತಿಯಿಂದ ತೊಳೆಸಬಾರದು ಎಂದ. ಬೆಳಿಗ್ಗೆ ಪಿಳ್ಳಪ್ಪ ಬಾವಿಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದ. ಬಳಿಕ, ಹೇಳದೆ ಕೇಳದೆ ನೆಂಟರನ್ನು ಊಟಕ್ಕೆ ಕರೆತರುವುದು ನಿಂತಿತು. ಹೆಂಗಸರಿಗೆ ಸಾರು ಉಳಿದಿದೆಯೇ ಎಂದು ಗಂಡಸರು ಪಾತ್ರೆ ಬಗ್ಗಿ ನೋಡತೊಡಗಿದರು. ಅಷ್ಟೊಂದು ಕಳಕಳಿಯಿಂದ ಹೇಳುವವನು ಸುಳ್ಳು ಹೇಳಿಯಾನೆಂದು ಯಾರಿಗೂ ಅನ್ನಿಸಲಿಲ್ಲ.

ಹೀಗಿರುವಾಗ ಸೇಲಂನ ನೂಲಿನ ವ್ಯಾಪಾರಿಯೊಬ್ಬ ವೆಂಕಟರಾಯಪ್ಪನವರ ಮನೆಗೆ ಬಂದಿಳಿದ. ಸಂಜೆ ಜಗಲಿಯಲ್ಲಿ ಕೂತು ಮುನಿತಾಯಮ್ಮ ಹೇಳಿದ ಅರ್ಥ ಕೇಳಿ ಹುಬ್ಬೇರಿಸಿದ.

"ಅದೆಲ್ಲಾ ಇಲ್ಲ ಸಾಮಿ. ಅವನು ಮುಲಾಮು ಮಾರ್ತಾನೆ, ಅಷ್ಟೇ."

ಮುನಿತಾಯಮ್ಮ ಸೆರಗು ಎಳೆದುಕೊಂಡು ಕಂಬದ ಹಿಂದಕ್ಕೆ ಸರಿದಳು.

"ಒಂದು ಡಬ್ಬಿ ಮುಲಾಮಿಗೆ ಯಾರಾದ್ರೂ ಸಮುದ್ರದಾಚೆಯಿಂದ ದಿನಾ ಹಿಂಗೆ ಬಡ್ಕೊತಾರೇನಪ್ಪಾ?" ಎಂದ ಆವಲಪ್ಪ. ಎಲ್ಲರಿಗೂ ಅದು ಸರಿಯೆನಿಸಿತು.

ವೆಂಕಟರಾಯಪ್ಪನವರು ಅತಿಥಿಗೆ ನೋವಾಗದಂತೆ ಕೇಳಿದರು: "ನಿಮ್ದು ಯಾವ ಕಡೆ ತಮಿಳು?"

"ಸೇಲಂ."

"ಅದಕ್ಕೇ ಗೊತ್ತಾಗ್ಲಿಲ್ಲ ಬಿಡಿ. ಇದು ಸಮುದ್ರದ ಕಡೇದು."

ಮರುದಿನ ವ್ಯಾಪಾರಿಯನ್ನು ಬಸ್ಸಿಗೆ ಹತ್ತಿಸಲು ಪಿಳ್ಳಪ್ಪನೇ ಹೋದ. ದಾರಿಯುದ್ದಕ್ಕೂ ರೇಡಿಯೋದವನ ಮಾತಿನ ಅರ್ಥವನ್ನು ಅವನಿಂದ ಬಿಡಿಸಿ ಬಿಡಿಸಿ ಕೇಳಿದ. ಮನೆಗೆ ಬಂದವನು ಹೆಂಡತಿಯನ್ನೇ ಬಹಳ ಹೊತ್ತು ನೋಡಿದ. ಅವಳು ಒಲೆಯ ಮುಂದೆ ತಲೆತಗ್ಗಿಸಿ ನಿಂತಿದ್ದಳು.

"ಆವಲಪ್ಪನ ಎತ್ತು ನಮ್ಮ ರಾಗಿ ಹೊಲಕ್ಕೆ ನುಗ್ತಾ ಅವೆ," ಎಂದ ಪಿಳ್ಳಪ್ಪ, ದನಿ ತಗ್ಗಿಸಿ. "ಅದರ ಬಗ್ಗೆ ರೇಡಿಯೋದೋನು ಏನಾದ್ರೂ ಅಂದಾನಾ?"

ಮುನಿತಾಯಮ್ಮ ಸೌದೆಯನ್ನು ಒಳಕ್ಕೆ ತಳ್ಳಿದಳು.

"ಸಂಜೆ ಕೇಳಿ ನೋಡ್ತೀನಿ."