ಗೋಡೆಯಾಚೆ ಕುದಿಯುತ್ತಿದ್ದ ಸಾರು

ಕಪಾಟು ಮಾಡಲೆಂದು ಮೇಸ್ತ್ರಿ ಹೊಡೆದ ಏಟಿಗೆ ನಮ್ಮ ಅಡುಗೆಮನೆ ಗೋಡೆಯ ಇಟ್ಟಿಗೆಯೊಂದು ಆ ಕಡೆಗೆ ಬಿತ್ತು. ತೂತಿನಲ್ಲಿ ಸೌಟು ಹಿಡಿದ ಅಜ್ಜಿಯೊಬ್ಬರ ಮುಖ ಕಾಣಿಸಿತು. ಚಾಮರಾಜಪೇಟೆಯ ಹಳೇ ಸಾಲುಮನೆಗಳಲ್ಲಿ ಎರಡು ಮನೆಗೂ ಒಂದೇ ಗೋಡೆ ಇರುತ್ತದೆಂದು, ಮೊದಲ ಸಲ ಮನೆ ಕೊಂಡ ನಮಗೆ ಗೊತ್ತಿರಲಿಲ್ಲ. ಇನ್ನೂ ಹಾಲು ಉಕ್ಕಿಸಿಲ್ಲ, ಆಗಲೇ ಪಕ್ಕದವರ ಜೊತೆ ಜಗಳ ಎಂದುಕೊಂಡೆ.

ಅಜ್ಜಿ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ ತೂತಿನ ಹತ್ತಿರ ಬಂದರು.

“ರಿಪೇರಿ ಮಾಡಿಸಿ ಮಾರ್ತೀರೋ, ಇಲ್ಲೇ ಇರ್ತೀರೋ?”

ನೆಂಟರು ಇದನ್ನೇ ಕೇಳಿದಾಗಲೆಲ್ಲ “ನೋಡೋಣ” ಎನ್ನುತ್ತಿದ್ದೆ. ಅವತ್ತು ಸೋರುವ ತಾರಸಿ, ಗೆದ್ದಲು ತಿಂದ ಬಾಗಿಲು ಎಲ್ಲ ಕಣ್ಣೆದುರಿಗೇ ಇದ್ದರೂ “ಇಲ್ಲೇ ಇರ್ತೀವಿ ಅಜ್ಜಿ” ಎಂದುಬಿಟ್ಟೆ.

“ಹಾಗಾದ್ರೆ ಗಟ್ಟಿಯಾಗಿ ಕಟ್ಟಿಸಿ. ನಮ್ಮ ಕಡೆ ಗಾರೆನೂ ಉದುರ್ತಿದೆ, ಎರಡೂ ಕಡೆ ಒಟ್ಟಿಗೇ ಆಗ್ಲಿ. ಸಾರು ಇಳಿಸೋವರೆಗೆ ಮಾತ್ರ ತಡೀರಿ.”

ಅಪಾರ್ಟ್‌ಮೆಂಟ್ ಕಟ್ಟುವವರು ಆಗಾಗ ಬಂದು ಮನೆ ಕೊಡುತ್ತೀರಾ ಎಂದು ಕೇಳುತ್ತಾರೆ. ಕೂರಿಸಿ ಕಾಫಿ ಕೊಡುತ್ತೇನೆ. ಉತ್ತರವನ್ನು ಮಾತ್ರ ಅವತ್ತೇ, ಆ ತೂತಿನ ಮುಂದೆ ನಿಂತು, ಕೊಟ್ಟಾಗಿದೆ.