ಸೋಲ್ಡರಿಂಗ್ ಬೆಂಚಿನಿಂದ ಬಂದ ಸಹಪಾಠಿ

ಕಳೆದ ತಿಂಗಳು ಮಾರತ್ತಹಳ್ಳಿ ಜಂಕ್ಷನ್ನಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಫೋನ್ ಬಿಚ್ಚಿಟ್ಟುಕೊಂಡಿದ್ದ ಅಂಗಡಿಯವನು ಸೋಲ್ಡರಿಂಗ್ ಐರನ್ನನ್ನು ರಾಳಕ್ಕೆ ಅದ್ದಿದ. ಸಣ್ಣಗೆ ಹೊಗೆ ಎದ್ದಿತು. ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಕೆರೆಯುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವರು ನೆನಪಾದರು. ಅವರ ಹತ್ತಿ ಸೀರೆಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಅವರು ನನ್ನ ಸಹಪಾಠಿ. ಸ್ಕೂಲಿನ ಸಹಪಾಠಿಯಲ್ಲ, ಆಗ ನನಗೆ ಮೂವತ್ತು, ಅವರಿಗೆ ನಲವತ್ತೈದು ದಾಟಿತ್ತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ. ಇಂದಿರಾನಗರದಲ್ಲಿ ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಶನಿವಾರ ಶನಿವಾರ, ಎಥಿಕಲ್ ಹ್ಯಾಕಿಂಗ್ ಕಲಿಸುವ ತರಗತಿ ನಡೆಯುತ್ತಿತ್ತು. ಕಳ್ಳ ಹೇಗೆ ಒಳಗೆ ನುಗ್ಗುತ್ತಾನೋ ಹಾಗೆ ನಾವೇ ಮೊದಲು ನುಗ್ಗಿ ನೋಡಿ, ಯಾವ ಬಾಗಿಲು ಸಡಿಲ ಎಂದು ಕಂಪ್ಯೂಟರಿನ ಮಾಲೀಕನಿಗೆ ಹೇಳುವ ವಿದ್ಯೆ. ಕಲಿಸುತ್ತಿದ್ದವರು ಸೈನ್ಯದ ಸಂಪರ್ಕ ವಿಭಾಗದಿಂದ ನಿವೃತ್ತರಾಗಿ ಬೆನ್ಸನ್ ಟೌನಿನಲ್ಲಿ ನೆಲೆಸಿದ್ದ ಮೇಷ್ಟ್ರು. ಮೊದಲ ದಿನವೇ ಅವರು ಒಂದು ಕಾಗದ ಎತ್ತಿ ತೋರಿಸಿದ್ದರು. ಅದು ಅನುಮತಿ ಪತ್ರ. ಅದರಲ್ಲಿ ಬರೆದ ಯಂತ್ರವನ್ನು ಮುಟ್ಟಿದರೆ ಪರೀಕ್ಷೆ, ಬರೆಯದ್ದನ್ನು ಮುಟ್ಟಿದರೆ ಕಳ್ಳತನ, ನಡುವೆ ಬೇರೇನೂ ಇಲ್ಲ ಎಂದಿದ್ದರು.

ನಾನು ಒಂದು ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಹತ್ತಿರದ ಸ್ಟಾಫ್ ಕಾಲೊನಿಯಲ್ಲೇ ಮನೆ. ತರಗತಿ ಶುರುವಾಗುವ ಮೊದಲೇ ಎರಡು ದಪ್ಪ ಪುಸ್ತಕ ಓದಿ ಮುಗಿಸಿದ್ದೆ. ಇದ್ದ ಹನ್ನೊಂದು ಜನರಲ್ಲಿ ಮೊದಲಿಗ ನಾನೇ ಆಗುತ್ತೇನೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆ ಸಹಪಾಠಿ ಕೆ.ಆರ್. ಪುರದವರು. ಟೆಲಿಫೋನ್ ಬೋರ್ಡುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಬೆಸುಗೆ ಹಾಕಿದವರು. ಆಮೇಲೆ ಬೋರ್ಡುಗಳನ್ನು ಪರೀಕ್ಷೆ ಮಾಡುವ ವಿಭಾಗ, ಅಲ್ಲಿಂದ ಕಂಪ್ಯೂಟರ್ ವಿಭಾಗ. ಆದರೂ ಬೆಸುಗೆಗೆ ಜನ ಸಾಲದಾಗ ಅವರನ್ನು ಹಳೇ ಬೆಂಚಿಗೇ ಕರೆಯುತ್ತಿದ್ದರಂತೆ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತ ಬಂದು, ಅವರ ವಿಭಾಗ ಮುಚ್ಚುವ ಮಾತು ನಡೆದಿತ್ತು. ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಇಂಗ್ಲಿಷ್ ಕಮಾಂಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲ ಶನಿವಾರ ಅದನ್ನು ನೋಡಿ ನಾನು ಮುಖ ಆ ಕಡೆ ತಿರುಗಿಸಿ ನಕ್ಕಿದ್ದೆ. ಬೇರೆಯವರೆಲ್ಲ ಅವರನ್ನು ಅಕ್ಕ ಎಂದು ಕರೆಯುತ್ತಿದ್ದರು. ನಾನು ಮಾತ್ರ ಮೇಡಂ ಎನ್ನುತ್ತಿದ್ದೆ.

ಮೂರನೇ ಶನಿವಾರ ಮೇಷ್ಟ್ರು ನಮಗೊಂದು ಅಭ್ಯಾಸದ ಯಂತ್ರ ಕೊಟ್ಟರು. ಅದರಲ್ಲಿ ಯಾರ ಯಾರ ಹೆಸರಿನ ಖಾತೆಗಳಿವೆ ಎಂದು ಹೊರಗಿನಿಂದಲೇ ಪತ್ತೆ ಹಚ್ಚಬೇಕಿತ್ತು. ನಾನು ನನಗೆ ಗೊತ್ತಿದ್ದ ಸಾಫ್ಟ್‌ವೇರುಗಳನ್ನೆಲ್ಲ ಒಂದಾದ ಮೇಲೊಂದು ಓಡಿಸಿದೆ. ಒಂದು ಗಂಟೆಯಾದರೂ ಏನೂ ಸಿಗಲಿಲ್ಲ. ಪಕ್ಕದಲ್ಲಿ ಅವರು ಯಾವ ಸಾಫ್ಟ್‌ವೇರನ್ನೂ ತೆರೆದಿರಲಿಲ್ಲ. ಲಾಗಿನ್ ಪುಟದಲ್ಲಿ ಒಂದೊಂದೇ ಹೆಸರು ಹಾಕಿ, ಸುಳ್ಳು ಪಾಸ್‌ವರ್ಡ್ ಕೊಟ್ಟು, ತಲೆ ಓರೆ ಮಾಡಿ ಕೂತಿದ್ದರು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. ಆಮೇಲೆ ಮೇಷ್ಟ್ರನ್ನು ಕರೆದರು.

"ಇಲ್ಲದ ಹೆಸರು ಹಾಕಿದ್ರೆ ತಕ್ಷಣ ಇಲ್ಲ ಅನ್ನುತ್ತೆ ಸರ್. ಇರೋ ಹೆಸರು ಹಾಕಿದ್ರೆ ಒಂಚೂರು ಯೋಚ್ನೆ ಮಾಡಿ ಇಲ್ಲ ಅನ್ನುತ್ತೆ."

ನಿಜ. ಹೆಸರು ಸರಿಯಿದ್ದಾಗ ಯಂತ್ರ ಪಾಸ್‌ವರ್ಡನ್ನೂ ತಾಳೆ ನೋಡುತ್ತಿತ್ತು, ಅದಕ್ಕೆ ಉತ್ತರ ಕಣ್ಣೆವೆ ಮಿಟುಕಿಸುವಷ್ಟು ತಡವಾಗುತ್ತಿತ್ತು. ಹತ್ತು ಜನರಿಗೆ ಕಾಣದ ಆ ತಡ, ವರ್ಷಗಟ್ಟಲೆ ಟೆಲಿಫೋನ್ ಬೋರ್ಡಿನ ರಿಲೇ ಸ್ವಿಚ್ಚುಗಳ ಟಿಕ್ ಟಿಕ್ ಕೇಳಿಸಿಕೊಂಡ ಅವರಿಗೆ ತಿಳಿದುಬಿಟ್ಟಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ತೋರಿಸಿ, ಇನ್ನೊಂದು ಸಲ ತೋರಿಸಿ ಎಂದು ನಗುತ್ತ ನೋಡಿದರು. ನನ್ನ ಕಡೆ ಅವರು ಒಮ್ಮೆಯೂ ಹಾಗೆ ಕುರ್ಚಿ ಎಳೆದುಕೊಂಡು ಬಂದಿರಲಿಲ್ಲ.

ಅವತ್ತು ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗುವಾಗ ಹೊಟ್ಟೆಯಲ್ಲಿ ಹತ್ತಿದ ಉರಿ ಆಮೇಲೆ ಆರಲಿಲ್ಲ. ಮೇಡಂ ಬಾಯಿ ತೆರೆದರೆ ಸಾಕು, ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಒಮ್ಮೆ ಅವರು ಊಟದ ಡಬ್ಬಿ ತೊಳೆಯಲು ಹೋದಾಗ ಅವರ ನೋಟ್‌ಬುಕ್ ತಿರುವಿ ನೋಡಿದೆ. ಏನೋ ಗುಟ್ಟು ಇರಬೇಕು ಎಂದು. ನನಗೆ ಗೊತ್ತಿದ್ದದ್ದೇ ಎಲ್ಲ, ಗುಂಡಗಿನ ಅಕ್ಷರದಲ್ಲಿ. ಅದರಿಂದ ಉರಿ ಇನ್ನೂ ಹೆಚ್ಚಿತು. ನಾನು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವರು ತಮ್ಮ ಕೆಲಸ ಬಿಟ್ಟು ಬಂದು ಹೇಳಿಕೊಡುತ್ತಿದ್ದರು. ನಾನು ಥ್ಯಾಂಕ್ಸ್ ಅನ್ನುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಕೊನೆಯ ವಾರದ ಹೊತ್ತಿಗೆ ಮೇಷ್ಟ್ರು ಒಂದು ಸುದ್ದಿ ಹೇಳಿದರು. ಕಂಪನಿಗಳಿಗೆ ಇಂಥ ಪರೀಕ್ಷೆ ಮಾಡಿಕೊಡಲು ಅವರೊಂದು ತಂಡ ಕಟ್ಟುತ್ತಿದ್ದಾರೆ, ನಮ್ಮಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಯಾರನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿಯ ಕಾಗದ ಬರುವ ಮೊದಲೇ ಬೇರೆ ದಾರಿ ಆದ್ರೆ ಸಾಕು ಎಂದು ಮೇಡಂ ಊಟದ ಹೊತ್ತಿನಲ್ಲಿ ನನಗೇ ಹೇಳಿದ್ದರು.

ಕಡೆಯ ಪರೀಕ್ಷೆ ನಿಜವಾದ ಕಚೇರಿಯದು. ಶಿವಾಜಿನಗರದ ಒಂದು ಪಾರ್ಸಲ್ ಬುಕಿಂಗ್ ಆಫೀಸು ತನ್ನ ಮೂರು ಯಂತ್ರಗಳನ್ನು ನಾವು ತರಗತಿಯಲ್ಲೇ ಕೂತು ಪರೀಕ್ಷಿಸಲು ಅನುಮತಿ ಕೊಟ್ಟಿತ್ತು. ಆ ಶನಿವಾರ ತರಗತಿಗೆ ಮೊದಲು ಬಂದವನು ನಾನು. ಮೇಷ್ಟ್ರು ಹೊರಡುವ ಅವಸರದಲ್ಲಿದ್ದರು. ಮೂರನೇ ಯಂತ್ರದಲ್ಲಿ ಇವತ್ತು ಬುಕಿಂಗ್ ನಡೆಯುತ್ತಿದೆಯಂತೆ, ಅದನ್ನು ಮುಟ್ಟೋದು ಬೇಡ ಅಂತ ಮಾಲೀಕರ ಫೋನ್ ಬಂತು, ಎಲ್ಲರಿಗೂ ಹೇಳಿಬಿಡಿ, ನಾನು ಆ ಆಫೀಸಿಗೇ ಹೋಗಿ ಕೂತಿರ್ತೀನಿ ಎಂದು ನನಗೆ ಒಪ್ಪಿಸಿ ಹೋದರು.

ಒಂಬತ್ತು ಜನ ಬಂದರು. ಒಂಬತ್ತು ಜನರಿಗೂ ಹೇಳಿದೆ. ಮೇಡಂ ಮಾತ್ರ ಇನ್ನೂ ಬಂದಿರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅರ್ಧ ಗಂಟೆ ನಿಂತುಬಿಟ್ಟಿತ್ತಂತೆ. ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತರು. "ಶುರು ಮಾಡ್ಬಿಟ್ರಾ?" ಅಂದರು. ಹ್ಞೂಂ ಅಂದೆ. ಅವರು ಅನುಮತಿ ಪತ್ರ ತೆಗೆದು, ಮೂರೂ ಯಂತ್ರಗಳ ಹೆಸರನ್ನು ಬೆರಳಿಟ್ಟು ಓದಿಕೊಂಡರು. ಆ ಬೆರಳು ಮೂರನೇ ಸಾಲಿಗೆ ಬಂದು ನಿಂತದ್ದು ನನಗೆ ಕಾಣಿಸಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಇನ್ನೂ ಹೊತ್ತಿದೆ, ಆಮೇಲೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ... ಹೇಳಲಿಲ್ಲ.

ಗಂಟೆಯೊಳಗೆ ಅವರು ಮೂರನೇ ಯಂತ್ರದೊಳಗೆ ಹೋಗಿದ್ದರು. ಹಳೇ ಯಂತ್ರ, ತಡೆದುಕೊಳ್ಳದೆ ನಿಂತೇಹೋಯಿತು. ಶಿವಾಜಿನಗರದಲ್ಲಿ ಬುಕಿಂಗ್ ಬಂದ್ ಆಗಿ, ಗಂಟುಮೂಟೆ ಹಿಡಿದ ಜನ ಬೀದಿಯವರೆಗೂ ನಿಂತರಂತೆ. ಮೇಷ್ಟ್ರೆದುರಿಗೇ ಮಾಲೀಕ ಕೂಗಾಡಿದನಂತೆ. ಮಧ್ಯಾಹ್ನ ಮೇಷ್ಟ್ರು ವಾಪಸ್ ಬಂದಾಗ ಅವರ ಮುಖ ಕೆಂಪಾಗಿತ್ತು. ನೇರ ನನ್ನ ಹತ್ತಿರ ಬಂದರು.

"ಎಲ್ರಿಗೂ ಹೇಳಿದ್ರಾ?"

"ಹೇಳಿದೆ ಸರ್."

ಉಳಿದವರೂ ಹೌದೆಂದು ತಲೆಯಾಡಿಸಿದರು. ತಡವಾಗಿ ಬಂದ ಅಕ್ಕನಿಗೂ ಹೇಳಿರುತ್ತಾನೆ ಎಂದು ಅವರು ಅಂದುಕೊಂಡಿದ್ದರು. ಮೇಡಂ ಮಾತ್ರ ನನ್ನ ಕಡೆ ನೋಡಿದರು. ನಾನು ಸ್ಕ್ರೀನ್ ನೋಡುತ್ತಿದ್ದೆ. ಅವರು ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಎದ್ದು ನಿಂತು, ಲೇಟಾಗಿ ಬಂದದ್ದು ನಾನು, ಕೇಳಿಕೊಂಡು ಶುರು ಮಾಡಬೇಕಿತ್ತು ಸರ್ ಎಂದಷ್ಟೇ ಹೇಳಿದರು. ಮೇಷ್ಟ್ರಿಗೂ ಕಷ್ಟವಾಗಿತ್ತು. ಆದರೆ ಅನುಮತಿ ಇಲ್ಲದ ಯಂತ್ರ ಮುಟ್ಟಿದರೆ ಕಳ್ಳತನ ಎಂದು ಮೊದಲ ದಿನ ಆಡಿದ ಮಾತನ್ನು ಅವರು ಮೀರುವವರಲ್ಲ. ಮೇಡಂಗೆ ಸರ್ಟಿಫಿಕೇಟ್ ಸಿಗಲಿಲ್ಲ. ತಂಡಕ್ಕೆ ನನ್ನನ್ನು ತೆಗೆದುಕೊಂಡರು.

ಸಂಜೆ ಬಸ್ ಸ್ಟಾಪಿನಲ್ಲಿ ಅವರು ಒಬ್ಬರೇ ನಿಂತಿದ್ದರು. ಸ್ಕೂಟರ್ ನಿಲ್ಲಿಸಿ ಹತ್ತಿರ ಹೋದೆ. ಮರೆತುಹೋಯಿತು ಎಂದು ಹೇಳುವುದಕ್ಕೆ ಮಾತು ಜೋಡಿಸಿಕೊಂಡಿದ್ದೆ. ಅವರು ಬಾಯಿ ತೆರೆಯಲು ಬಿಡಲಿಲ್ಲ.

"ನಿಮಗೆ ಆಗ್ಲೇ ಕೆಲ್ಸ ಇತ್ತಲ್ಲ ರೀ," ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಅರ್ಥವಾಗದವರು ಕೇಳುವ ಹಾಗಿತ್ತು. ಅಷ್ಟರಲ್ಲಿ ಕೆ.ಆರ್. ಪುರದ ಬಸ್ಸು ಬಂತು.

ಆ ಕೆಲಸದಿಂದಲೇ ನಾನು ಬೆಳೆದೆ. ಹೊರಮಾವಿನಲ್ಲಿ ಮನೆಯಾಯಿತು, ನನ್ನ ಕೈ ಕೆಳಗೆ ಜನ ಬಂದರು, ನಾನೂ ತರಬೇತಿ ಕೊಡತೊಡಗಿದೆ. ಆ 'ಒಂಚೂರು ಯೋಚ್ನೆ'ಯ ಪಾಠವನ್ನು ಹಲವು ವರ್ಷ ನಾನೇ ಕಂಡುಹಿಡಿದ ಹಾಗೆ ಹೇಳಿದೆ. ಸುಖವಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಯಾವುದಾದರೂ ಯಂತ್ರ ಬಗ್ಗದೆ ಕೂತರೆ, ಅವರಾಗಿದ್ದರೆ ಇಷ್ಟು ಹೊತ್ತಿಗೆ ಹಿಡಿದುಬಿಡುತ್ತಿದ್ದರು ಅನ್ನಿಸುತ್ತಿತ್ತು. ಅವರ ಜಾಗ ಕಿತ್ತುಕೊಂಡ ಮೇಲೂ ಅವರ ಮೇಲಿನ ಹೊಟ್ಟೆಕಿಚ್ಚು ಹೋಗಲಿಲ್ಲ.

ಫೋನ್ ರಿಪೇರಿಯಾದ ಮರುದಿನ ಕೆ.ಆರ್. ಪುರಕ್ಕೆ ಹೋದೆ. ಹಳೇ ಊರಿನ ದೇವಸ್ಥಾನದ ಹಿಂದಿನ ಬೀದಿ ಎಂದು ಅವರು ಒಮ್ಮೆ ಹೇಳಿದ್ದ ನೆನಪು. ಟೆಲಿಫೋನ್ ಬೋರ್ಡಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಹೆಂಗಸು ಎಂದು ವಿಚಾರಿಸಿದರೆ ಮೂರನೇ ಅಂಗಡಿಯವರು ಮನೆ ತೋರಿಸಿದರು. ಬಾಗಿಲು ತೆಗೆದವರು ಅವರ ಯಜಮಾನರು. ಮೇಡಂ ತೀರಿಕೊಂಡು ಎರಡು ವರ್ಷವಾಯಿತಂತೆ. ಸ್ವಯಂ ನಿವೃತ್ತಿಯಾದ ಮೇಲೆ ಬೀದಿಯವರ ಮಿಕ್ಸಿ, ರೇಡಿಯೋ ಸರಿ ಮಾಡಿಕೊಡುತ್ತಿದ್ದರಂತೆ.

ಜೊತೆಯಲ್ಲಿ ಕಲಿತವನು ಎಂದೆ. ಯಜಮಾನರು ಕೂರಿಸಿ ಕಾಫಿ ಕೊಟ್ಟರು. ಆ ಪರೀಕ್ಷೆ ಅವಳಿಗೆ ಯಾಕೋ ಆಗಲಿಲ್ಲ, ಕಂಪ್ಯೂಟರ್ ಅಷ್ಟು ಬರುತ್ತಿರಲಿಲ್ಲ ಅನ್ನಿಸುತ್ತೆ, ವಯಸ್ಸೂ ಆಗಿತ್ತಲ್ಲ ಎಂದರು, ಹೆಂಡತಿಯ ಪರವಾಗಿ ಕ್ಷಮೆ ಕೇಳುವ ಹಾಗೆ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು ಎಂದೆ. ಮತ್ತೆ ಎಲ್ಲವನ್ನೂ ಹೇಳಿದೆ, ಬಸ್ ಸ್ಟಾಪಿನವರೆಗೂ.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮುಗಿದ ಮೇಲೆ, ಇಷ್ಟು ವರ್ಷ ನಾನೂ ಅವಳಿಗೆ ಬರಲಿಲ್ಲ ಅಂತಾನೇ ತಿಳಿದಿದ್ದೆ ಎಂದರು. ಆಮೇಲೆ ನನ್ನ ಮುಖ ನೋಡಿದರು.

"ಇದನ್ನ ಅವಳಿಗೆ ಹೇಳ್ಬೇಕಿತ್ತು ರೀ. ನನಗಲ್ಲ."

ಬಾಗಿಲವರೆಗೆ ಬಂದು ಕಳಿಸಿದರು. ಅದು ಕಳೆದು ಮೂರು ವಾರವಾಯಿತು. ನಿನ್ನೆ ಒಂದು ಯಂತ್ರದ ಮುಂದೆ ಅರ್ಧ ದಿನ ಕೂತೆ, ಏನೂ ಹೊಳೆಯಲಿಲ್ಲ. ಅವರಾಗಿದ್ದರೆ, ಅನ್ನಿಸಿತು. ಮೈಯಲ್ಲಿ ಅದೇ ಹಳೇ ಉರಿ ಎದ್ದಿತು... ಎದ್ದು, ಯಾರ ಮೇಲೆ ಎಂದು ತಿಳಿಯದೆ ಸುಮ್ಮನಾಯಿತು. ಈಗ ಹೊಟ್ಟೆಕಿಚ್ಚುಪಡುವುದಕ್ಕೂ ಅವರಿಲ್ಲ.