ಕಾಗದದ ಇನ್ನೊಂದು ತುದಿ

ಸತ್ತು ಸಾವಿರ ವರ್ಷವಾದವರ ಸಮಾಚಾರವೆಲ್ಲ ಪ್ರೊಫೆಸರ್ ಶರ್ಮಿಳಾಗೆ ನಾಲಿಗೆಯ ತುದಿಯಲ್ಲಿತ್ತು. ಎದುರಿಗೇ ಕೂತು ಪಾಠ ಕೇಳುವ ಮೂವರು ಮಕ್ಕಳ ಮನಸ್ಸು ಮಾತ್ರ ತಿಳಿಯದೇ ಹೋಯಿತು.

ಅವಳು ಬಂದರಿನ ಮೀನುಗಾರರ ಮನೆಯವಳು. ಮೈಸೂರಿನಲ್ಲಿ ಪ್ರಾಚೀನ ಇತಿಹಾಸದ ಎಂ.ಎ., ಆಮೇಲೆ ಕರಾವಳಿಯ ಶಾಸನಗಳ ಮೇಲೆ ಪಿಎಚ್‌ಡಿ. ಇಪ್ಪತ್ತಮೂರು ವರ್ಷದಿಂದ ನಗರದ ಕಾಲೇಜೊಂದರಲ್ಲಿ ಪಾಠ. ರಾಜರು, ಯುದ್ಧಗಳೆಂದರೆ ಅಷ್ಟಕ್ಕಷ್ಟೆ. ದೀಪಕ್ಕೆ ಎಣ್ಣೆ ಕೊಟ್ಟವರು, ಬಾವಿ ತೋಡಿಸಿದವರು, ಅಂಥವರ ಹೆಸರು ಓದುವಾಗ ಅವಳ ಮುಖ ಅರಳುತ್ತಿತ್ತು. "ಕಲ್ಲಿನಲ್ಲಿ ಇಲ್ಲದ್ದನ್ನು ಬರೆಯಬೇಡಿ" ಎಂದು ಪ್ರತಿ ವರ್ಷ ಹೇಳುತ್ತಿದ್ದಳು. ಕೇಳುವವರೇ ಕಡಿಮೆಯಾಗುತ್ತ ಬಂದರು. ಈ ಸಲ ಪ್ರಾಂಶುಪಾಲರು ಖಡಾಖಂಡಿತ ಹೇಳಿದ್ದರು: "ಮೂವರಾದ್ರೂ ಇದ್ರೆ ನಿಮ್ಮ ಪೇಪರ್ ಉಂಟು ಮೇಡಂ. ಇಲ್ಲದಿದ್ರೆ ಬಂದ್."

ಕಲ್ಲಿನಿಂದ ಕಾಗದಕ್ಕೆ ಅಕ್ಷರ ಏಳುವುದನ್ನು ಒಮ್ಮೆ ಕಂಡರೆ ಮಕ್ಕಳು ಬಿಟ್ಟು ಹೋಗಲಾರರು ಎಂದು ನಂಬಿ, ಭಾನುವಾರ ಬೆಳಗ್ಗೆ ಏಳಕ್ಕೆ ಬಂದರಿನ ಗೋದಾಮಿನ ಹಿಂದಿರುವ ಶಾಸನದ ಬಳಿ ಬರಹೇಳಿದಳು. ಕಲ್ಲು ತೊಳೆದಳು. ಕಾಗದ ನೆನೆಸಿದಳು. ಎಂಟೂವರೆಯಾಯಿತು.

ಶಾಸನದ ಪ್ರತಿ ತೆಗೆಯುವುದು ಇಬ್ಬರ ಕೆಲಸ. ಒದ್ದೆ ಕಾಗದದ ಎರಡು ತುದಿ ಹಿಡಿದು ಸುಕ್ಕಿಲ್ಲದೆ ಕಲ್ಲಿನ ಮೇಲೆ ಇಳಿಸಬೇಕು. ಬ್ರಷ್ಷಿನಿಂದ ಬಡಿದು ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಪಿಎಚ್‌ಡಿ ಕಾಲದಲ್ಲಿ ಇನ್ನೊಂದು ತುದಿ ಹಿಡಿದವಳು ತಾಯಿ ಅಮ್ಮಣ್ಣಿ. ಮೀನು ಮಾರಿ ಮುಗಿಸಿ, ಕೈಗೆ ಎರಡೆರಡು ಸಲ ಸೋಪು ಹಾಕಿಕೊಂಡು ಬರುತ್ತಿದ್ದಳು. ಓದು ಬಾರದವಳು, ಆದರೆ ಅವಳು ಹಿಡಿದ ಕಡೆ ಒಂದು ಸುಕ್ಕು ಬಿದ್ದದ್ದಿಲ್ಲ. ತೆಗೆದವರಿಬ್ಬರ ಹೆಸರನ್ನು ಕೆಳಗೆ ಪೆನ್ಸಿಲಿನಲ್ಲಿ ಬರೆಯುವುದು ಕ್ರಮ. ಅಮ್ಮನ ಹೆಸರನ್ನೂ ಶರ್ಮಿಳಾಳೇ ಬರೆಯುತ್ತಿದ್ದಳು. ಅಮ್ಮ ತೀರಿಕೊಂಡು ಆರು ವರ್ಷವಾಯಿತು.

ಫೋನ್ ಬಂತು. ವಿದ್ಯಾರ್ಥಿ ರೂಬನ್.

"ಸಾರಿ ಮೇಡಂ. ನಾವು ಮೂವರೂ ನಿನ್ನೆಯೇ ಜರ್ನಲಿಸಂಗೆ ಚೇಂಜ್ ಮಾಡಿದ್ದೇವೆ. ನಿಮ್ಮ ಎದುರು ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

"ಪರ್ವಾಗಿಲ್ಲ ಮಾರಾಯ" ಅಂದಳು.

ಗೋದಾಮಿನ ಕಾವಲುಗಾರ ನೂರ್ ಮುಹಮ್ಮದ್ ಇಣುಕಿದ. "ಎಂತ ಟೀಚರೇ, ಮಕ್ಕಳು ಬರ್ಲಿಲ್ವಾ? ನಾನು ಹಿಡೀಬೇಕಾ?"

"ಬೇಡ. ಈಗ ಬರ್ತಾರೆ."

ಅವನು ಒಳಗೆ ಹೋದ. ಹಾಳು ಬಿಗುಮಾನ! ಒದ್ದೆ ಕಾಗದವೇನು ಕಾಯುತ್ತದೆಯೇ? ಒಬ್ಬಳೇ ಇಳಿಸಿದಳು. ಎಡತುದಿ ಸರಿಯಾಗಿ ಕೂತಿತು, ಬಲತುದಿ ಜಾರತೊಡಗಿತು. "ಅಮ್ಮಾ, ಗಟ್ಟಿ ಪತ್ತ್‌ಲ" ಎಂದು ತುಳುವಿನಲ್ಲಿ ಗಟ್ಟಿಯಾಗಿ ಹಿಡಿಯಲು ಹೇಳಿಯೇಬಿಟ್ಟಳು. ತನ್ನ ದನಿ ತನಗೇ ಕೇಳಿಸಿ ಕಣ್ಣು ತುಂಬಿತು.

ಹೇಗೋ ಬಡಿದು ಮಸಿ ಒತ್ತಿದಳು. ಕಾಗದ ಒಣಗಿದಾಗ ಎಡಕ್ಕೆ ಅಕ್ಷರಗಳು ಚೆನ್ನಾಗಿ ಎದ್ದಿದ್ದವು. ಬಲಕ್ಕೆ ಉದ್ದನೆಯ ಸುಕ್ಕು ಬಿದ್ದು, ದೀಪಕ್ಕೆ ಎಣ್ಣೆ ಕೊಟ್ಟವನ ಹೆಸರೇ ಹೋಗಿತ್ತು. ಇನ್ನು ಇದನ್ನು ಯಾವ ತರಗತಿಗೂ ತೋರಿಸಬೇಕಾಗಿಲ್ಲ. ಕೆಳಗೆ ತನ್ನ ಹೆಸರು ಬರೆದಳು. ಪಕ್ಕದಲ್ಲಿ, ರೂಢಿಯಂತೆ, ಅಮ್ಮಣ್ಣಿ ಎಂದು ಬರೆದಳು. ತುಂಬ ಹೊತ್ತು ಅದನ್ನೇ ನೋಡಿದಳು.

ಆಮೇಲೆ ರಬ್ಬರಿನಿಂದ ಮೆಲ್ಲಗೆ ಅಳಿಸಿ, ಆ ಜಾಗದಲ್ಲಿ 'ಒಬ್ಬಳೇ' ಎಂದು ಬರೆದಳು.